ಸ್ವಂತ ಭಾಷೆ ಕಟ್ಟುವುದು ಹೇಗೆ? ಪದಕೋಶದಿಂದಂತೂ ಅಲ್ಲ

ಸ್ವಂತ ಭಾಷೆ ಕಟ್ಟಲು ಹೊರಟವರ ನೋಟ್‌ಬುಕ್‌ಗಳನ್ನು ಸಾಕಷ್ಟು ನೋಡಿದ್ದೇನೆ. ಮೊದಲ ಹತ್ತು ಪುಟ ಚೆಂದದ ಲಿಪಿ, ಮುಂದಿನ ಇಪ್ಪತ್ತು ಪುಟ ಪದಗಳ ಪಟ್ಟಿ. ವಾಕ್ಯ ಮಾತ್ರ ಒಂದೂ ಇರುವುದಿಲ್ಲ! ಲಿಪಿಯನ್ನು ಸದ್ಯಕ್ಕೆ ಮರೆತುಬಿಡಿ.

ಮೊದಲು ಧ್ವನಿಗಳನ್ನು ಆರಿಸಿ. ಹತ್ತು ಹನ್ನೆರಡು ಸಾಕು. ನಾನು ಪ, ತ, ಕ, ಮ, ನ, ಲ, ಸ ಮತ್ತು ಅ, ಇ, ಉ ಇಟ್ಟುಕೊಂಡಿದ್ದೇನೆ. ಒತ್ತಕ್ಷರ ಇಲ್ಲ. ಇಷ್ಟು ಕಟ್ಟುಪಾಡು ಇದ್ದರೆ ಪದಗಳೆಲ್ಲ ಒಂದೇ ಮನೆಯವು ಅನ್ನಿಸುತ್ತವೆ. ಪದ ಹುಟ್ಟಿಸಿಕೊಡುವ ಆ್ಯಪ್‌ಗಳ ಸಹವಾಸ ಬೇಡ. ಗುಂಡಿ ಒತ್ತಿದರೆ ಸಾವಿರ ಪದ ಸುರಿಯುತ್ತವೆ, ಒಂದೂ ನೆನಪಲ್ಲಿ ಉಳಿಯುವುದಿಲ್ಲ.

ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಕನ್ನಡ ವಾಕ್ಯದ ಒಂದೊಂದೇ ಪದ ಕಿತ್ತು, ಆ ಜಾಗದಲ್ಲಿ ಹೊಸದನ್ನು ಕೂರಿಸುತ್ತಾರೆ. ಅದು ವೇಷ ಹಾಕಿದ ಕನ್ನಡ, ಅಷ್ಟೇ. ‘ನನಗೆ ಹಸಿವಾಗಿದೆ’ ಅನ್ನುವುದನ್ನೇ ತೆಗೆದುಕೊಳ್ಳಿ. ಇದರಲ್ಲಿ ನಾನು ಏನೂ ಮಾಡುತ್ತಿಲ್ಲ, ಹಸಿವು ತಾನಾಗಿಯೇ ನನಗೆ ‘ಆಗುತ್ತದೆ’. ನಿಮ್ಮ ಭಾಷೆಯಲ್ಲಿ ಹಸಿವು ಏನು ಮಾಡುತ್ತದೆ? ನನ್ನದರಲ್ಲಿ ಅದು ಮನುಷ್ಯನನ್ನು ಹಿಡಿಯುತ್ತದೆ. ‘ಲಕು’ ಹಿಡಿ, ‘ತಿಸ’ ಹಸಿವು, ‘ಸು’ ನಾನು. ಕ್ರಿಯಾಪದ ಮೊದಲು ಬರಲಿ ಎಂದುಕೊಂಡೆ: ‘ಲಕು ತಿಸ ಸು’. ಇನ್ನು ಚಳಿ, ನಿದ್ದೆ, ಭಯಗಳೂ ಹಿಡಿಯಬೇಕು ಅಲ್ವಾ? ಒಂದು ವಾಕ್ಯದಿಂದ ಹತ್ತು ವಾಕ್ಯದ ದಾರಿ ತೆರೆಯಿತು.

ಪದಗಳ ಅರ್ಥದಲ್ಲೂ ಇದೇ ಎಚ್ಚರ ಬೇಕು. ಕನ್ನಡಕ್ಕೆ ಅಣ್ಣ ಬೇರೆ, ತಮ್ಮ ಬೇರೆ. ಇಂಗ್ಲಿಷಿಗೆ ಇಬ್ಬರೂ ಬ್ರದರ್. ಗೆರೆ ಎಲ್ಲಿ ಎಳೆಯಬೇಕೆಂದು ನೀವೇ ತೀರ್ಮಾನಿಸಿ. 1887ರಲ್ಲಿ ಝಾಮೆನ್‌ಹಾಫ್ ಎಂಬವರು ತಾವೇ ಕಟ್ಟಿ ಹೊರತಂದ ಎಸ್ಪೆರಾಂಟೊ ಭಾಷೆಯಲ್ಲಿ ‘ಬೋನಾ’ ಒಳ್ಳೆಯದು, ‘ಮಲ್‌ಬೋನಾ’ ಕೆಟ್ಟದ್ದು. ‘ಮಲ್’ ಅಂಟಿಸಿದರೆ ವಿರುದ್ಧಾರ್ಥ ಸಿಕ್ಕಿತು, ಇನ್ನೊಂದು ಪದ ಬಾಯಿಪಾಠ ಮಾಡುವ ಕೆಲಸ ತಪ್ಪಿತು. ಹೀಗೇ ಕಟ್ಟಿದ ಇನ್ನೊಂದು ಭಾಷೆ, 2001ರ ಟೋಕಿ ಪೋನಾ, ಶುರುವಾದದ್ದು ಸುಮಾರು 120 ಪದಗಳಿಂದ. ಹಾಗಾಗಿ ಸಾವಿರ ಪದ ಜಾಸ್ತಿಯೇ ಆಯಿತು. ಐವತ್ತು ಪದ ಮಾಡಿ, ಇಪ್ಪತ್ತು ವಾಕ್ಯ ಬರೆಯಿರಿ.

ಭಾಷೆಗೆ ವಯಸ್ಸಾದಂತೆ ಕಾಣಬೇಕೇ? ಹಳಗನ್ನಡದ ಪಾಲ್, ಪಾವು ಈಗ ಹಾಲು, ಹಾವು. ಅಂಥದ್ದೇ ಒಂದು ನಿಯಮ ಮಾಡಿ, ಎಲ್ಲ ಪದಕ್ಕೂ ಹಚ್ಚಿ. ನನ್ನ ನಿಯಮ: ಪದದ ಕೊನೆಯ ‘ಉ’ ಬಿದ್ದುಹೋಗುತ್ತದೆ, ಒಂದೇ ಅಕ್ಷರದ ಪದವನ್ನು ಬಿಟ್ಟು. ‘ಲಕು’ ಹೋಗಿ ‘ಲಕ್’ ಆಯಿತು. ಆದರೆ ‘ಹಿಡಿಯಿತು’ ಅನ್ನಲು ನನ್ನ ಭಾಷೆಯಲ್ಲಿ ‘ಲಕು’ಗೆ ‘ನಿ’ ಸೇರಿಸುತ್ತೇನೆ, ಆ ‘ಲಕುನಿ’ಯಲ್ಲಿ ‘ಉ’ ನಡುವೆ ಕೂತಿದೆ, ಹಾಗಾಗಿ ಉಳಿಯಿತು. ಈಗ ನೋಡಿದವರಿಗೆ ‘ಲಕ್’, ‘ಲಕುನಿ’ ಯಾಕೆ ಹೀಗೆ ಎಂದು ತಲೆ ಕೆರೆದುಕೊಳ್ಳಬೇಕು. ಇಂಥ ವಕ್ರತೆಯನ್ನು ನೀಟಾಗಿಸಲು ಕೈ ತುರಿಸುತ್ತದೆ. ಸುಮ್ನೆ ಬಿಡಿ. ಯಾಕೆ ಹಾಗಾಯಿತೆಂದು ಅಂಚಿನಲ್ಲಿ ಒಂದು ಸಾಲು ಬರೆದಿಡಿ. ತಿಂಗಳು ಕಳೆದರೆ ನಿಮಗೇ ಮರೆತಿರುತ್ತದೆ.