ಬೀಜದ ಭತ್ತಕ್ಕೆ ಉಪ್ಪುನೀರು: ಮೊದಲು ಮೊಟ್ಟೆ ನೋಡಿ
ತೀರ್ಥಹಳ್ಳಿ, ಹೊಸನಗರ ಕಡೆ ಮುಂಗಾರಿಗೆ ಶಾಲೆ ಮಕ್ಕಳಿಂದ ಸಸಿಮಡಿ ಹಾಕಿಸುವವರು ಗಮನಿಸಿ: ಬೀಜದ ಭತ್ತವನ್ನು ಉಪ್ಪುನೀರಿಗೆ ಹಾಕಿದರೆ ಜೊಳ್ಳು ತೇಲಿ ಗಟ್ಟಿಕಾಳು ಮುಳುಗುತ್ತದೆ, ನೀರಿಗೆ ಉಪ್ಪು ಸಾಕೇ ಎಂದು ಮೊಟ್ಟೆ ತೇಲಿಸಿ ನೋಡುತ್ತಾರೆ. ಈ ಅಳತೆಗೆ ಬಳಸುವ ಮೊಟ್ಟೆಯನ್ನು ಮೊದಲು ಬರಿ ನೀರಿಗೆ ಹಾಕಿ, ತಳದಲ್ಲಿ ಅಡ್ಡ ಮಲಗಿದರೆ ಮಾತ್ರ ಬಳಸಿ. ಹಳೆ ಮೊಟ್ಟೆಯೊಳಗೆ ಗಾಳಿ ಹೆಚ್ಚಿರುತ್ತದೆ. ಉಪ್ಪು ಸಾಲದ ನೀರಲ್ಲೂ ತೇಲಿಬಿಡುತ್ತದೆ, ಆಗ ಅರೆಜೊಳ್ಳು (ಪೂರ್ತಿ ತುಂಬದ ಕಾಳು) ಗಟ್ಟಿಕಾಳಿನ ಜೊತೆಗೇ ತಳ ಸೇರುತ್ತದೆ. 10 ಲೀಟರ್ ನೀರಿಗೆ ಒಂದೂವರೆ ಕಿಲೋ ಉಪ್ಪಿನಿಂದ ಶುರುಮಾಡಿ, ಮೊಟ್ಟೆಯ ನೆತ್ತಿ ನಾಣ್ಯದಗಲ ಮೇಲೆ ಕಾಣುವವರೆಗೆ ಸೇರಿಸುತ್ತ ಹೋಗಿ. ಭತ್ತ ಸುರಿದು ಚೆನ್ನಾಗಿ ಕೈಯಾಡಿಸಿ, ತೇಲಿದ್ದನ್ನು ತೆಗೆಯಿರಿ. ಮುಳುಗಿದ್ದನ್ನು ತಕ್ಷಣ ಎರಡು ಮೂರು ನೀರಲ್ಲಿ ತೊಳೆಯಲೇಬೇಕು, ಉಪ್ಪು ಉಳಿದರೆ ಮೊಳಕೆ ಕೆಡುತ್ತದೆ. ಮೀಸೆ (ಕಾಳಿನ ತುದಿಯ ಉದ್ದ ಎಳೆ) ಇರುವ ನಾಟಿ ಭತ್ತಕ್ಕೆ ಇದು ಅಷ್ಟು ಸರಿಹೋಗದು: ಮೀಸೆಯಲ್ಲಿ ಗಾಳಿ ಸಿಕ್ಕಿಕೊಂಡು ಒಳ್ಳೆ ಕಾಳೂ ತೇಲುತ್ತದೆ.