ಒಳಗೆ ಕಪ್ಪು, ಹೊರಗೆ ಕೆಂಪು: ಒಂದೇ ಬೆಂಕಿಗೆ ಬಂತು

ಕೊನೆಗೂ ಬಂತು ಮಣ್ಣಿನ ಬೋಗುಣಿ! ಒಳಗೆ ಕಪ್ಪು, ಬಾಯಂಚು ಕಪ್ಪು, ಹೊರಮೈ ಕೆಂಪು. ಅದೂ ಒಂದೇ ಸಲ ಸುಟ್ಟು. ಕಬ್ಬಿಣ ಯುಗದ ಕಲ್ಗೋರಿಗಳಲ್ಲಿ, ಅಂದರೆ ದೊಡ್ಡ ಕಲ್ಲುಗಳಿಂದ ಕಟ್ಟಿದ ಸಮಾಧಿಗಳಲ್ಲಿ, ಸಿಗುವ ಬೋಗುಣಿಯನ್ನು ನಾನೇ ಮಾಡಿ ನೋಡುತ್ತಿದ್ದೆ. ಬಯಲು ಆವಿಗೆಯಲ್ಲಿ, ಅಂದರೆ ಗೂಡಿಲ್ಲದೆ ನೆಲದ ಮೇಲೇ ಸುಟ್ಟರೆ, ಇದು ಆಗಲ್ಲ, ಎರಡು ಸಲ ಸುಡಬೇಕು ಅಂತ ಗೆಳೆಯರು ಹೇಳುತ್ತಲೇ ಇದ್ದರು. ಮಂಡ್ಯದ ಹತ್ತಿರ ನಮ್ಮೂರಿನ ಕುಂಬಾರ ಕೇರಿಯ ಅಜ್ಜಿಯಂತೂ "ಆಗೋ ಹೋಗೋ ಕೆಲ್ಸ ಅಲ್ಲ ಕಣಪ್ಪ, ಸುಮ್ನೆ ಬೆರಣಿ ದಂಡ" ಅಂದಿದ್ದರು.

ಬೆರಣಿ ನಿಜಕ್ಕೂ ಬೇಜಾನ್ ಹೋಯಿತು. ಕೆರೆ ಗೋಡು ಒಂದು ಟ್ರ್ಯಾಕ್ಟರ್ ತರಿಸಲು ಎರಡು ಸಾವಿರದ ಮೇಲೆ, ಶಾಖ ಅಳೆಯುವ ಕಡ್ಡಿ ಮೀಟರಿಗೆ ಮೂರು ಸಾವಿರ, ಬೆರಣಿ, ಹೊಟ್ಟು, ಕೂಲಿ ಎಲ್ಲ ಸೇರಿ ಹದಿನೆಂಟು ಇಪ್ಪತ್ತು ಸಾವಿರ ಆಗಿರಬೇಕು. ಕಬ್ಬಿನ ತರಗು ನಮ್ಮಲ್ಲಿ ಪುಕ್ಕಟೆ ಅಲ್ವಾ, ಮೊದಲು ಅದರಲ್ಲೇ ಸುಟ್ಟೆ. ಧಗ್ ಅಂತ ಉರಿದು ನೋಡನೋಡುತ್ತ ಬೂದಿ. ಅರ್ಧದಷ್ಟು ಬೋಗುಣಿ ಒಡೆದವು, ಉಳಿದವು ಒಳಗೂ ಹೊರಗೂ ಕೆಂಪು. ತರಗು ಕುಸಿದ ಕೂಡಲೇ ಬಾಯಂಚಿನ ಕೆಳಗೆ ಸಂದಿ ಬಿದ್ದು ಗಾಳಿ ನುಗ್ಗುತ್ತಿತ್ತು, ಗಾಳಿ ಆಡಿದ ಕಡೆ ಕಪ್ಪು ನಿಲ್ಲಲ್ಲ. ಪೂರ್ತಿ ಹೊಟ್ಟಿನಲ್ಲಿ ಹೂತು ಸುಟ್ಟರೆ ಮೈಯೆಲ್ಲ ಕಪ್ಪು.

ಗೆದ್ದದ್ದು ಹೀಗೆ. ನೆಲದ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಭತ್ತದ ಹೊಟ್ಟು. ಕಾವಿ ಬಳಿದು ಹೊಳೆಕಲ್ಲಿನಿಂದ ಉಜ್ಜಿ ಒಣಗಿಸಿದ ಬೋಗುಣಿಯನ್ನು ಅದರ ಮೇಲೆ ಬೋರಲು ಇಟ್ಟು, ಬಾಯಂಚು ಒಂದು ಬೆರಳು ಹೂತುಹೋಗುವಂತೆ ಒತ್ತಿದೆ. ಒಳಗೆ ತುಂಬಿದ್ದರಲ್ಲಿ ಅರ್ಧ ಹೊಟ್ಟು. ಇನ್ನರ್ಧ ಏನು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸುತ್ತ ಬೆರಣಿ, ಮೇಲೆ ಹುಲ್ಲು. ಹುಲ್ಲಿನ ಮೇಲೆ ಕೆಸರು ಮೆತ್ತಲಿಲ್ಲ, ಹೊರಮೈ ಕೆಂಪಾಗಲು ಗಾಳಿ ಆಡಬೇಕು. ಸಂಜೆ ಹಚ್ಚಿದ್ದನ್ನು ಮರುದಿನ ಮಧ್ಯಾಹ್ನದವರೆಗೂ ಮುಟ್ಟಲಿಲ್ಲ. ಹಿಂದೊಮ್ಮೆ ಕೆಂಡ ಇರುವಾಗಲೇ ಎತ್ತಿದ ಬೋಗುಣಿಯ ಕಪ್ಪು ಕಣ್ಣೆದುರೇ ಉರಿದು ಹೋಗಿತ್ತು.

ಬಾಯಂಚಿನಿಂದ ಹೊರಕ್ಕೆ ಕಪ್ಪು ಒಂದು ಬೆರಳಷ್ಟು ಏರಿದೆ. ಅಲ್ಲಿ ಗೆರೆ ನೇರ ಇಲ್ಲ, ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ, ನಡುವೆ ಕಂದು ಪಟ್ಟಿ. ಮ್ಯೂಸಿಯಮ್ಮಿನಲ್ಲಿರುವ ಹಳೆಯ ಬೋಗುಣಿಗಳಲ್ಲೂ ಕಪ್ಪು ಹೀಗೇ ಹೊರಗೆ ದಾಟಿರುತ್ತದೆ. ಹೊಟ್ಟಿನಲ್ಲಿ ಎಷ್ಟು ಹೂತಿತ್ತೋ ಅಷ್ಟು ಕಪ್ಪು, ಅಷ್ಟೇ. ಅಜ್ಜಿ ತಿರುಗಿಸಿ ತಿರುಗಿಸಿ ನೋಡಿ, ಬೆರಳಲ್ಲಿ ತಟ್ಟಿ ಸದ್ದು ಕೇಳಿ, ಒಂದನ್ನು ಮನೆಗೆ ತಗೊಂಡು ಹೋದರು.

1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಇಂಥ ಮಡಕೆ ಗೋರಿಯಲ್ಲೂ ಸಿಕ್ಕವು, ಜನ ವಾಸವಿದ್ದ ಜಾಗದಲ್ಲೂ ಸಿಕ್ಕವು. ಅಂದರೆ ಸತ್ತವರಿಗೆ ಅಂತಲೇ ಮಾಡಿದ ಪಾತ್ರೆ ಅಲ್ಲ ಇದು, ಉಣ್ಣುವ ಪಾತ್ರೆಯನ್ನೇ ಅವರ ಜೊತೆ ಇಟ್ಟಿದ್ದಾರೆ. ಸಗಣಿ, ಹೊಟ್ಟು, ಹುಲ್ಲು ಬೇಸಾಯದವರ ಹಿತ್ತಲಲ್ಲೇ ಇರುವಂಥವು. ಇದಕ್ಕೆ ದೊಡ್ಡ ಕುಲುಮೆಯೂ ಬೇಡ, ಅರಸನ ದುಡ್ಡೂ ಬೇಡ ಅನ್ನುವುದನ್ನು ನಾನು ಈಗ ಕೈಯಾರೆ ಮಾಡಿ ಹೇಳುತ್ತಿದ್ದೇನೆ.

ಅದೇ ಆವಿಗೆಯಲ್ಲಿ ಒಂದು ಮಣ್ಣಿನ ತಲೆದಿಂಬನ್ನೂ ಸುಟ್ಟೆ. 1960ರ ಆಸುಪಾಸಿನಲ್ಲಿ ಪುರಾತತ್ವಜ್ಞ ಎಂ. ಶೇಷಾದ್ರಿಯವರು ಟಿ. ನರಸೀಪುರದಲ್ಲಿ ಅಗೆದಾಗ ಮಣ್ಣಿನ ತಲೆದಿಂಬು ಸಿಕ್ಕಿದ್ದವು, ಅದು ಇನ್ನೂ ಹಿಂದಿನ, ನವಶಿಲಾಯುಗದ ಕಾಲದ್ದು. ತಲೆ ಇಟ್ಟರೆ ನೋವು, ಕುತ್ತಿಗೆ ಕೊಟ್ಟರೆ ಹಾಯಾಗಿರುತ್ತದೆ. ಬೇಸಿಗೆಯಲ್ಲಿ ಈಗ ಅದೇ ನನ್ನ ದಿಂಬು.

ಊಟದ ಪ್ರಯೋಗವೂ ಆಯಿತು. ಬಳ್ಳಾರಿ ಕಡೆಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯ ಮಣ್ಣಲ್ಲಿ ಸುಟ್ಟು ಕರಿಕಾದ ಹುರುಳಿ, ಹೆಸರು, ಕೊರಲೆ ಅನ್ನುವ ಸಿರಿಧಾನ್ಯದ ಕಾಳು ಸಿಕ್ಕಿವೆ. ಅದಕ್ಕೇ ಮೂರು ಕಲ್ಲಿನ ಒಲೆಯಲ್ಲಿ ದುಂಡು ತಳದ ಮಡಕೆ ಇಟ್ಟು ಹುರುಳಿ, ಕೊರಲೆ ಒಟ್ಟಿಗೆ ಬೇಯಿಸಿದೆ. ಹುರುಳಿ ಬೇಯಲು ಹೆಚ್ಚುಕಡಿಮೆ ಎರಡು ಗಂಟೆ. ನೆನೆಸಿಟ್ಟರೆ ಸೌದೆ ಅರ್ಧ ಉಳಿಯುತ್ತದೆ, ಸೌದೆ ಹೊತ್ತು ತರುತ್ತಿದ್ದವರಿಗೆ ಅದು ಸಣ್ಣ ಲೆಕ್ಕ ಅಲ್ಲ. ಕಪ್ಪು ಬೋಗುಣಿಯಲ್ಲಿ ಬಡಿಸಿದರೆ ಸಾರು ಬರೀ ಕೆಂಪಿನದಕ್ಕಿಂತ ಕಡಿಮೆ ಜಿನುಗುತ್ತದೆ, ಉಜ್ಜಿದ ಮೈಯಾದ್ದರಿಂದ ತೊಳೆಯುವುದೂ ಸುಲಭ.

ಮಾಡುವವರು ಮಳೆ ಮುಗಿದ ಮೇಲೇ ಮಾಡಿ. ನೆಲ ತಂಪಿದ್ದರೆ ಹೊಟ್ಟು ಹೊಗೆಯಾಡಿ ಅಲ್ಲೇ ನಿಂತುಬಿಡುತ್ತದೆ, ಬೆರಣಿ ಎಷ್ಟು ಸುರಿದರೂ ಬೋಗುಣಿ ಬೇಯಲ್ಲ.