ಸ್ಟಾಫ್ ರೂಮಿನ ರಾಜಕೀಯದ ನಡುವೆ ಹಿಂದೆ ಬಿದ್ದ ಮಗುವಿನ ಕೈ ಹಿಡಿಯುವುದು ಹೇಗೆ?

ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು ಆಗಾಗ ಫೋನ್ ಮಾಡುತ್ತಾರೆ. ಪಾಠ ಹೇಗೆ ಮಾಡಬೇಕು ಅಂತ ಕೇಳುವವರು ಕಡಿಮೆ. "ಪಾಠ ಮಾಡೋಕೇ ಬಿಡ್ತಿಲ್ಲ ಮೇಡಂ, ಏನು ಮಾಡಲಿ?" ಅನ್ನುವವರೇ ಜಾಸ್ತಿ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಅವರಿಗೆಲ್ಲ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶಾಲೆಯ ಎಲ್ಲ ಜಗಳವೂ ಮಕ್ಕಳಿಗೆ ತಟ್ಟುವುದಿಲ್ಲ. ಸಂಘದ ಚುನಾವಣೆಗೆ ಯಾರು ನಿಂತರು, ಪ್ರಭಾರಿ ಎಚ್‌ಎಂ (ಮುಖ್ಯ ಶಿಕ್ಷಕರು) ಯಾರಾದರು, ಊಟದ ನಂತರದ ಪೀರಿಯಡ್ ಯಾರ ತಲೆಗೆ ಬಿತ್ತು, ಇದೆಲ್ಲ ದೊಡ್ಡವರ ಗಲಾಟೆ. ಅದರಲ್ಲಿ ಯಾರ ಪರವೂ ನಿಲ್ಲಬೇಡಿ. ಎಲ್ಲರ ಜೊತೆಗೂ ಟೀ ಕುಡಿಯಿರಿ. ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕಬೇಡಿ, ಅಷ್ಟೇ. ಮಕ್ಕಳ ಹೊಟ್ಟೆಗೆ ಹೊಡೆಯುವ ರಾಜಕೀಯ ಬೇರೆ ಇದೆ. ಅದು ಎಸ್‌ಎಸ್‌ಎಲ್‌ಸಿ ಶೇಕಡಾವಾರು ಫಲಿತಾಂಶದ್ದು. ಜಿಲ್ಲೆ ಎಷ್ಟನೇ ಸ್ಥಾನ, ತಾಲ್ಲೂಕು ಎಷ್ಟನೇ ಸ್ಥಾನ ಅಂತ ಮೇಲಿಂದ ಶುರುವಾಗುವ ಒತ್ತಡ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು), ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಎಚ್‌ಎಂ, ಹೀಗೆ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಹಿಂದಿನ ಬೆಂಚಿನಲ್ಲಿ ಕೂತ ಆ ಒಂದು ಮಗುವಿನ ಮೇಲೆ ಬಂದು ಕೂರುತ್ತದೆ. ಆಗ ಆ ಮಗು ಎಲ್ಲರ ಕಣ್ಣಿಗೆ ಹೊರೆಯಾಗಿ ಕಾಣುತ್ತದೆ. ನೀವು ತಡೆಯಬೇಕಾದ್ದು ಇದನ್ನು.

ಜೂನ್‌ನಲ್ಲೇ ಶುರು ಮಾಡಿ. ಹಿಂದಿನ ತರಗತಿಯ ಕಲಿಕೆಯಲ್ಲಿ ಎಲ್ಲಿ ಕೊರತೆ ಇದೆ ಅಂತ ವರ್ಷದ ಶುರುವಿನಲ್ಲಿ ನೋಡುವ ಸೇತುಬಂಧದ ನೈದಾನಿಕ ಪರೀಕ್ಷೆಯನ್ನು ಎಷ್ಟೋ ಕಡೆ ಸುಮ್ನೆ ಫೈಲಿಗೋಸ್ಕರ ಮಾಡುತ್ತಾರೆ. ನೀವು ಹಾಗೆ ಮಾಡಬೇಡಿ. ಇಡೀ ವರ್ಷದಲ್ಲಿ ಮಗು ಎಲ್ಲಿ ನಿಂತಿದೆ ಅಂತ ಯಾರ ಒತ್ತಡವೂ ಇಲ್ಲದೆ ನೋಡಲು ಸಿಗುವ ಅವಕಾಶ ಅದೊಂದೇ. ಅಂಕ ಹಾಕಿ ಮುಚ್ಚಿಡಬೇಡಿ, ತಪ್ಪುಗಳನ್ನು ಓದಿ.

ಒಂದು ಉದಾಹರಣೆ ಕೊಡುತ್ತೇನೆ. 502ರಲ್ಲಿ 178 ಕಳೆ ಅಂದರೆ ಒಂಬತ್ತನೇ ತರಗತಿಯ ಮಗು 476 ಅಂತ ಬರೆಯುತ್ತದೆ. "ಇವನಿಗೆ ಕಳೆಯೋದೂ ಬರಲ್ಲ" ಅಂತ ಸ್ಟಾಫ್ ರೂಮಿನಲ್ಲಿ ತೀರ್ಪು ಆಗಿಬಿಡುತ್ತದೆ. ಸ್ವಲ್ಪ ನಿಂತು ನೋಡಿ. ಐದರಲ್ಲಿ ಒಂದು ಕಳೆದು ನಾಲ್ಕು. ಸೊನ್ನೆಯಲ್ಲಿ ಏಳು ಹೋಗುವುದಿಲ್ಲ, ಹಾಗಾಗಿ ಏಳರಲ್ಲಿ ಸೊನ್ನೆ ಕಳೆದು ಏಳು. ಎರಡರಲ್ಲಿ ಎಂಟು ಹೋಗುವುದಿಲ್ಲ, ಎಂಟರಲ್ಲಿ ಎರಡು ಕಳೆದು ಆರು. ಬಿಡಿ, ಹತ್ತು, ನೂರು, ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾನೆ. ಅವನಿಗೆ ಕಳೆಯೋದು ಬರುತ್ತದೆ, ದಶಕ ತರೋದು ಬರಲ್ಲ, ಅದರಲ್ಲೂ ನಡುವೆ ಸೊನ್ನೆ ಇದ್ದರೆ. ಅದೇ ಹುಡುಗ ಸಂತೆಯಲ್ಲಿ ಅಪ್ಪನ ಪಕ್ಕ ಕೂತು ಐನೂರರ ನೋಟಿಗೆ ಸರಿಯಾಗಿ ಚಿಲ್ಲರೆ ಕೊಡುತ್ತಿರುತ್ತಾನೆ. ಕಡ್ಡಿ ಕಟ್ಟುಗಳನ್ನೋ ಆಟದ ನೋಟುಗಳನ್ನೋ ಕೊಟ್ಟು, ಒಂದು ನೂರನ್ನು ಬಿಚ್ಚಿ ಹತ್ತು ಹತ್ತುಗಳಾಗಿ ಮಾಡಿಸಿ. ಅದರಲ್ಲಿ ಒಂದು ಹತ್ತನ್ನು ಬಿಚ್ಚಿಸಿ. 502 ಅಂದರೆ ನಾಲ್ಕು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ ಅಂತ ಅವನ ಕೈಯಲ್ಲೇ ಎಣಿಸಲಿ. ಉತ್ತರ 324 ತಾನಾಗಿಯೇ ಬರುತ್ತದೆ. ಇಷ್ಟು ಗಟ್ಟಿಯಾಗದೆ ವರ್ಗ ಸಮೀಕರಣ ಹೇಳಿಕೊಟ್ಟರೆ ಅವನು ಬೋರ್ಡು ನೋಡಿ ಬರೆದುಕೊಳ್ಳುತ್ತಾನೆ, ಕಲಿಯುವುದಿಲ್ಲ.

ಓದಿನಲ್ಲೂ ಹೀಗೆಯೇ. ಮುದ್ದಾದ ಅಕ್ಷರದಲ್ಲಿ ನೋಟ್ಸ್ ತುಂಬಿಸಿರುವ ಹುಡುಗಿಯನ್ನು ಕರೆದು ಅವಳು ಬರೆದದ್ದನ್ನೇ ಓದಿಸಿ. ಸೂರ್ಯ ಅನ್ನುವಲ್ಲಿ "ಸೂಯ್ರ" ಅಂದರೆ ಅವಳು ಅರ್ಕಾವತ್ತಿನ ಹತ್ತಿರ ಸಿಕ್ಕಿಕೊಂಡಿದ್ದಾಳೆ. ಬರೆದ ಕ್ರಮದಲ್ಲೇ ಓದುತ್ತಿದ್ದಾಳೆ, ಅದರಲ್ಲಿ ಅವಳ ತಪ್ಪೇನೂ ಇಲ್ಲ. ಧರ್ಮ, ವರ್ಷ, ಕಾರ್ಯ ಅಂತ ದಿನಕ್ಕೆ ನಾಲ್ಕೈದು ಪದ ಗಟ್ಟಿಯಾಗಿ ಓದಿಸಿದರೆ ಸರಿಹೋಗುತ್ತದೆ. ಎಷ್ಟು ಓದಿಸಿದರೂ ಅಕ್ಷರಗಳು ಹಿಂದುಮುಂದಾಗುತ್ತಲೇ ಇದ್ದರೆ ಅದು ಕಲಿಕಾ ನ್ಯೂನತೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದೂ ಸೇರಿದೆ. ಅಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿಗಳಿವೆ. ತಂದೆ ತಾಯಿಗೆ ತಿಳಿಸಿ ತಪಾಸಣೆ ಮಾಡಿಸಿ, ಪರೀಕ್ಷೆಗೆ ನೋಂದಣಿ ಆಗುವ ಮುಂಚೆಯೇ ದಾಖಲೆ ಕೈಗೆ ಬರುವ ಹಾಗೆ ನೋಡಿಕೊಳ್ಳಿ. ಹುಡುಗ ಸೋಮಾರಿ ಅಂದುಕೊಂಡು ಬಿಟ್ಟುಬಿಡುವುದನ್ನು ನಾನು ತುಂಬಾ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಈ ತಪ್ಪುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಗುವಿಗೆ ಒಂದೊಂದು ಪುಟ. ಜೂನ್‌ನಲ್ಲಿ ಏನು ಬರುತ್ತಿರಲಿಲ್ಲ, ಆಗಸ್ಟ್‌ನಲ್ಲಿ ಏನು ಬಂತು. ಮಗು ಬಿಡಿಸಿದ ಹಾಳೆಯನ್ನೇ ಅಂಟಿಸಿ. ಸಭೆಯಲ್ಲಿ "ಅವನಿಗೆ ಏನೂ ಬರಲ್ಲ ಬಿಡಿ" ಅಂತ ಯಾರಾದರೂ ಅಂದಾಗ ಜಗಳ ಆಡಬೇಡಿ, ಆ ಪುಟ ತೆಗೆದು ಮುಂದೆ ಇಡಿ. ಇನ್ನೊಂದು ಮಾತು: "ಪ್ರೈಮರಿಯವರು ಏನೂ ಕಲಿಸಿಲ್ಲ" ಅಂತ ಸ್ಟಾಫ್ ರೂಮಿನಲ್ಲಿ ದಿನಾ ಕೇಳುತ್ತೀರಿ. ದಯವಿಟ್ಟು ಆ ಮಾತಿಗೆ ತಲೆ ಆಡಿಸಬೇಡಿ. ಅಲ್ಲಿ ಐದು ತರಗತಿಗೆ ಇಬ್ಬರೇ ಶಿಕ್ಷಕರಿರುವ ಶಾಲೆಗಳಿವೆ.

ಈಗ ಟಿಸಿ (ವರ್ಗಾವಣೆ ಪತ್ರ) ವಿಷಯ. ಒಂಬತ್ತನೇ ತರಗತಿ ಮುಗಿಯುವ ಹೊತ್ತಿಗೆ ಫಲಿತಾಂಶ ಕೆಡಿಸುತ್ತಾರೆ ಅನ್ನಿಸಿದ ಮಕ್ಕಳ ಅಪ್ಪ ಅಮ್ಮನನ್ನು ಕರೆಸಿ, "ನಿಮ್ಮ ಹುಡುಗನಿಗೆ ಇಲ್ಲಿ ಕಷ್ಟ, ಟಿಸಿ ತಗೊಂಡು ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕಟ್ಟಿಸಿ" ಅಂತ ನಯವಾಗಿ ಹೇಳುವ ಪದ್ಧತಿ ಇದೆ. ಕೆಲವು ಖಾಸಗಿ ಶಾಲೆಗಳಲ್ಲಂತೂ ಇದು ಮಾಮೂಲು. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ, ಆದರೆ ಒಂಬತ್ತಕ್ಕೆ ಬಂದ ಮಗುವಿಗೆ ಆ ರಕ್ಷಣೆ ಇಲ್ಲ. ಅಲ್ಲೇ ಕತ್ತರಿ ಬೀಳುವುದು. ಶಾಲೆ ಬಿಟ್ಟ ಹುಡುಗಿಗೆ ಮನೆಯಲ್ಲಿ ಮದುವೆ ಮಾತು ಶುರುವಾಗುತ್ತದೆ, ಹುಡುಗ ಗ್ಯಾರೇಜಿಗೋ ಗಾರೆ ಕೆಲಸಕ್ಕೋ ಹೋಗುತ್ತಾನೆ. ಇಂಥ ಮಾತು ಬರುವ ಮುಂಚೆಯೇ ಎಚ್‌ಎಂ ಹತ್ತಿರ ಒಬ್ಬರೇ ಹೋಗಿ. ಎಲ್ಲರೆದುರು ಬೇಡ. ಅವರಿಗೂ ನೋಟಿಸಿನ ಭಯ ಇರುತ್ತದೆ ಅಲ್ವಾ? "ಸರ್, ಈ ಮಕ್ಕಳ ಹೊಣೆ ನನಗೆ ಬಿಡಿ, ನನ್ನ ಹೆಸರಿಗೆ ಬರೆದುಕೊಳ್ಳಿ, ತಿಂಗಳಿಗೊಮ್ಮೆ ನೋಟ್‌ಬುಕ್ ತೋರಿಸುತ್ತೇನೆ" ಅನ್ನಿ. ಹೊಣೆ ಹೊರುವವರು ಸಿಕ್ಕರೆ ಬಹಳಷ್ಟು ಎಚ್‌ಎಂಗಳು ಒಪ್ಪುತ್ತಾರೆ. ಒಪ್ಪದಿದ್ದರೆ ಪೋಷಕರಿಗೆ ನೇರವಾಗಿ ಹೇಳಿ: ಟಿಸಿ ಬೇಕು ಅಂತ ನೀವಾಗಿಯೇ ಅರ್ಜಿ ಬರೆದುಕೊಡಬೇಡಿ.

ವಿಶೇಷ ತರಗತಿ ಇಟ್ಟರೆ ಬಸ್ಸಿನ ಟೈಮ್ ನೋಡಿ ಇಡಿ. ಸಂಜೆ ಆರರವರೆಗೆ ಕೂರಿಸಿದರೆ ಪಕ್ಕದ ಹಳ್ಳಿಯ ಹುಡುಗಿಯರಿಗೆ ಬಸ್ಸು ತಪ್ಪುತ್ತದೆ, ಎರಡು ದಿನ ತಡವಾದರೆ ಮನೆಯವರು ಶಾಲೆಯನ್ನೇ ಬಿಡಿಸುತ್ತಾರೆ. ಬೆಳಗ್ಗೆ ಬೇಗ ಕರೆದರೆ ಎಷ್ಟೋ ಮಕ್ಕಳು ಏನೂ ತಿನ್ನದೆ ಬರುತ್ತಾರೆ. ಊಟದ ನಂತರ ಉಳಿಯುವ ಇಪ್ಪತ್ತು ನಿಮಿಷವೇ ಒಳ್ಳೆಯದು. ನಾಲ್ಕೈದು ಮಕ್ಕಳು ಸಾಕು.

ಪಾಸಿಂಗ್ ಪ್ಯಾಕೇಜ್ ಬಗ್ಗೆಯೂ ಕೇಳುತ್ತಾರೆ. ಗ್ರಾಫ್, ಪ್ರಮೇಯ, ಸಮಾಜ ವಿಜ್ಞಾನಕ್ಕೆ ಭಾರತದ ನಕ್ಷೆ ಅಂತ ಖಂಡಿತ ಅಂಕ ಬರುವುದನ್ನು ಮಾತ್ರ ಬಾಯಿಪಾಠ ಮಾಡಿಸುವುದು. ಜನವರಿಯಿಂದ ಮಾಡಿದರೆ ನನ್ನ ತಕರಾರಿಲ್ಲ, ಮಗುವಿಗೆ ಧೈರ್ಯ ಬರುತ್ತದೆ. ಜುಲೈನಲ್ಲೇ ಶುರು ಮಾಡಿದರೆ ಒಪ್ಪಬೇಡಿ. ಅದು ಮಗುವಿನ ಒಂದು ಇಡೀ ವರ್ಷವನ್ನು ಕಿತ್ತುಕೊಂಡ ಹಾಗೆ. ಆಂತರಿಕ ಮೌಲ್ಯಮಾಪನದ 20 ಅಂಕವನ್ನೂ ಸುಮ್ನೆ ತುಂಬಬೇಡಿ. ಚಟುವಟಿಕೆ ಮಾಡಿಸಿಯೇ ಕೊಡಿ, ಮಗುವಿಗೆ ತಾನು ಗಳಿಸಿದ್ದು ಅನ್ನಿಸಬೇಕು.

ಮನೆಗೆ ಹೋಗುವಾಗ ಅಮ್ಮ ಕೂಲಿಯಿಂದ ಬಂದ ಮೇಲೆ ಹೋಗಿ. ಅಕ್ಕಪಕ್ಕದವರ ಎದುರು ದೂರು ಹೇಳಬೇಡಿ, ನೀವು ಹೋದ ಮೇಲೆ ಮಗುವಿಗೆ ಏಟು ಬೀಳುತ್ತದೆ. "ಕಳೆಯೋ ಲೆಕ್ಕ ಈಗ ಬರ್ತಿದೆಯಮ್ಮಾ, ದಿನಾ ಕಳಿಸಿ" ಅಂತ ಬಂದದ್ದನ್ನೇ ಹೇಳಿ.

ಫಲಿತಾಂಶದ ದಿನ ಪಾಸಾದವರ ಫೋಟೊ, ಸಿಹಿ ಎಲ್ಲ ಬೇರೆಯವರು ನೋಡಿಕೊಳ್ಳುತ್ತಾರೆ. ನೀವು ಫೇಲಾದವರಿಗೆ ಅವತ್ತೇ ಫೋನ್ ಮಾಡಿ, ಸಂಜೆಯೊಳಗೆ ಮನೆಗೆ ಹೋಗಿ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಬಿದ್ದ ವಿಷಯವನ್ನಷ್ಟೇ ಬರೆದರೆ ಸಾಕು ಅಂತ ಎಷ್ಟೋ ಮನೆಗಳಿಗೆ ಗೊತ್ತೇ ಇರುವುದಿಲ್ಲ. ಎರಡನೇ ಪರೀಕ್ಷೆಗೆ ಅರ್ಜಿ ಹಾಕುವ ದಿನಗಳು ಬೇಗ ಮುಗಿಯುತ್ತವೆ, ಬೇಸಿಗೆ ರಜೆ ಅಂತ ಶಾಲೆಯ ಬಾಗಿಲೂ ಮುಚ್ಚಿರುತ್ತದೆ. ಎಚ್‌ಎಂಗೆ ಹೇಳಿ ಕಚೇರಿ ತೆಗೆಸಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಜಿ ತುಂಬಿಸಿ. ಮಾರನೇ ದಿನ ಎಷ್ಟು ಗಂಟೆಗೆ ಪಾಠಕ್ಕೆ ಬರಬೇಕು ಅಂತಲೂ ಆಗಲೇ ಹೇಳಿ ಕಳಿಸಿ.